ಮಹಿಳೆಯರ ಆರ್ಥಿಕ ಸ್ವಾವಲಂಬನೆಗೆ ನಾವು ಹೋಟೆಲಿನವರು ಏನು ಮಾಡಬಹುದು?



ಕಳೆದ ಸಲದ ಸಮಿತಿ ಸಭೆಯಲ್ಲಿ ಮಹಿಳಾ ದಿನಾಚರಣೆಗೆ ಸಂಘದ ಕಡೆಯಿಂದ ಏನು ದಾನ ಕೊಡೋಣ ಎಂಬ ಮಾತು ಬಂತು. ಒಬ್ಬರು ಹೊಲಿಗೆ ಯಂತ್ರ ಅಂದರು, ಒಬ್ಬರು ಮಿಕ್ಸರ್ ಅಂದರು, ಇನ್ನೊಬ್ಬರು ಸೀರೆಯೇ ಸಾಕು, ಫೋಟೋ ಚೆನ್ನಾಗಿ ಬರುತ್ತದೆ ಅಂದರು. ಎಲ್ಲರೂ ನಕ್ಕೆವು. ಆಗ ನಾನು ನನ್ನ ಹಳೆಯ ಒಂದು ತಪ್ಪಿನ ಕಥೆ ಹೇಳಿದೆ. ಸಂಪಾದಕರು ಅದನ್ನೇ ಬರೆದು ಕೊಡಿ ಎಂದು ಬೆನ್ನು ಹತ್ತಿದರು. ನಾನು ಹತ್ತನೇ ತರಗತಿ ಮುಗಿಸಿ ಸೌಟು ಹಿಡಿದವನು. ಬಿಲ್ ಬರೆದು ಅಭ್ಯಾಸ, ಲೇಖನ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನನ್ನ ಊರು ಕಾರ್ಕಳ ತಾಲೂಕಿನ ಒಂದು ಹಳ್ಳಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಮನೆಯ ಜಗಲಿಯಲ್ಲಿ ಕೂತು ಕಟ್ಟುವುದು, ಸಾವಿರದ ಲೆಕ್ಕದಲ್ಲಿ ವಾಪಸ್ ಕೊಡುವುದು. ಚೆಕ್ಕಿಂಗ್‌ನಲ್ಲಿ ಒಂದು ಹಿಡಿ ಬದಿಗೆ ಹೋಗುತ್ತಿತ್ತು, ಅದಕ್ಕೆ ದುಡ್ಡಿಲ್ಲ. ಆದರೂ ಕೂಲಿ ಬರುವ ದಿನ ನಿಗದಿಯಾಗಿತ್ತು, ಲೆಕ್ಕದ ಪುಸ್ತಕ ಅಮ್ಮನ ಹೆಸರಿನಲ್ಲಿತ್ತು, ದುಡ್ಡು ತರಲು ಅಮ್ಮನೇ ಹೋಗುತ್ತಿದ್ದರು. ದಾರಿಯಲ್ಲಿ ಸಕ್ಕರೆ, ಚಾಪುಡಿ ತಂದು ಉಳಿದದ್ದನ್ನು ಅಕ್ಕಿ ಡಬ್ಬಿಯೊಳಗೆ ಇಡುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ಫೀಸು ಆ ಡಬ್ಬಿಯಿಂದ ಬಂತು. 1986ರಲ್ಲಿ ನಾಸಿಕ್‌ಗೆ ಬಂದ ಬಸ್ಸಿನ ಟಿಕೆಟ್ಟಿನ ದುಡ್ಡೂ ಅದರದ್ದೇ. ಅಪ್ಪನಿಗೆ ಆ ಡಬ್ಬಿಯ ವಿಷಯ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ನಾನು ಮೊದಲು ಕೆಲಸಕ್ಕೆ ನಿಂತದ್ದು ಮುಂಬಯಿ-ಆಗ್ರಾ ಹೆದ್ದಾರಿಯ ಬದಿಯ ಒಂದು ಚಿಕ್ಕ ಹೋಟೆಲಿನಲ್ಲಿ. ಕೆಲಸ ಅಂದರೆ ಲೋಟ ತೊಳೆಯುವುದು. ಬಂದು ಐದಾರು ತಿಂಗಳಾಗಿರಬೇಕು, ನವೆಂಬರ್ ತಿಂಗಳು, ಎರಡು ದಿನ ರಸ್ತೆಯ ತುಂಬ ಹೆಂಗಸರು. ಟ್ರಕ್ಕು, ಟ್ರ್ಯಾಕ್ಟರು, ಎಸ್.ಟಿ. ಬಸ್ಸು, ಎಲ್ಲದರಲ್ಲೂ ಹೆಂಗಸರು. ಬಟ್ಟೆಯಲ್ಲಿ ಕಟ್ಟಿದ ಭಾಕರಿ, ಚಟ್ನಿ ಅವರೇ ತಂದಿದ್ದರು, ನಮ್ಮಲ್ಲಿ ಚಾ ಮಾತ್ರ ಕುಡಿದರು. ಎರಡು ದಿನದಲ್ಲಿ ತೊಳೆದ ಲೋಟಗಳ ಲೆಕ್ಕ ನನಗಿಲ್ಲ. ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಕೇಳಿದಾಗ ಮಾಲೀಕರು "ಚಾಂದವಡ್‌ಗೆ, ಶರದ್ ಜೋಶಿಯ ಸಭೆಗೆ" ಅಂದರು. ನನಗೆ ಮರಾಠಿಯೂ ಬಾರದು, ಜೋಶಿ ಯಾರೆಂದೂ ಗೊತ್ತಿಲ್ಲ.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಶರದ್ ಜೋಶಿ ವಿದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅದನ್ನು ಬಿಟ್ಟು ಬಂದು ಶೇತ್ಕರಿ ಸಂಘಟನೆ ಕಟ್ಟಿದರು. ನಮ್ಮ ನಾಸಿಕ್ ಜಿಲ್ಲೆಯ ಈರುಳ್ಳಿ ಬೆಲೆಗಾಗಿ 1980ರಲ್ಲಿ ರಸ್ತೆ ತಡೆದು ಹೆಸರಾದರು. 1986ರ ನವೆಂಬರ್ 9 ಮತ್ತು 10ರಂದು ಚಾಂದವಡ್‌ನಲ್ಲಿ ರೈತ ಮಹಿಳೆಯರ ಅಧಿವೇಶನ ಮಾಡಿದರು. ಲಕ್ಷಕ್ಕೂ ಮೀರಿ ಹೆಂಗಸರು ಸೇರಿದ್ದರು. ಅದಾಗಿ ಕೆಲವು ವರ್ಷಕ್ಕೆ 'ಲಕ್ಷ್ಮೀ ಮುಕ್ತಿ' ಎಂಬ ಕಾರ್ಯಕ್ರಮ ಬಂತು. ಅದರಲ್ಲಿ ಸರ್ಕಾರದ ದುಡ್ಡಿಲ್ಲ, ದಾನಿಗಳ ದುಡ್ಡಿಲ್ಲ. ಗಂಡಸರು ತಮ್ಮ ಜಮೀನಿನ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಮಾಡಬೇಕು, ಅಷ್ಟೆ. ನೂರು ಮನೆಯವರು ಹಾಗೆ ಮಾಡಿದ ಊರಿಗೆ ಲಕ್ಷ್ಮೀ ಮುಕ್ತಿ ಗ್ರಾಮ ಎಂದು ಗೌರವ. ಇದು ದಾನ ಅಲ್ಲ, ಇಷ್ಟು ವರ್ಷ ದುಡಿಸಿಕೊಂಡ ಮನೆಯ ಲಕ್ಷ್ಮಿಯ ಸಾಲ ತೀರಿಸುವುದು ಎಂದು ಜೋಶಿ ಗಂಡಸರಿಗೆ ತಿಳಿಸುತ್ತಿದ್ದರು. ಮಹಾರಾಷ್ಟ್ರದ ಎಷ್ಟೋ ಹಳ್ಳಿಗಳಲ್ಲಿ ರೈತರು ನಿಜವಾಗಿಯೂ ಬರೆದುಕೊಟ್ಟರು. 1994ರಲ್ಲಿ ಮಹಾರಾಷ್ಟ್ರವೂ ನಮ್ಮ ಕರ್ನಾಟಕವೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಜಾರಿಗೆ ತಂದವು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು ಇತ್ತು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು ಎಂದು ನಾವು ಎದೆ ಉಬ್ಬಿಸಿ ಹೇಳುತ್ತೇವೆ. ನಿಜ. ಆದರೆ ಹೆಚ್ಚಿನ ಮನೆಗಳಲ್ಲಿ ಕಣಜದ ಬೀಗದ ಕೈ ಮಾವನ ಸೊಂಟದಲ್ಲಿತ್ತು. ಕಾಗದದಲ್ಲಿ ಹೆಸರಿರುವುದು ಬೇರೆ, ಕೈಯಲ್ಲಿ ದುಡ್ಡಿರುವುದು ಬೇರೆ. ಎರಡೂ ಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ನನ್ನ ತಪ್ಪಿನ ಕಥೆ. ನಾಸಿಕ್‌ನಲ್ಲಿ ಹೋಟೆಲ್ ಸ್ವಲ್ಪ ಕಾಲೂರಿದ ಮೇಲೆ ಔರಂಗಾಬಾದಿನ ವಾಳುಜ್ ಎಂ.ಐ.ಡಿ.ಸಿ.ಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನ್ ಗುತ್ತಿಗೆ ಸಿಕ್ಕಿತು. ಆ ಊರಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಎಂದು ಹೆಸರು, ನಮ್ಮಂಥ ಹಳಬರ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಎರಡು ಪಾಳಿಗೆ ಸೇರಿ ದಿನಕ್ಕೆ 1,200 ಚಪಾತಿ ಬೇಕು. ನಮ್ಮ ಹುಡುಗರಿಗೆ ಇಡ್ಲಿ, ದೋಸೆ ಸರಾಗ, ಚಪಾತಿ ಅಂದರೆ ಭಾರತದ ಭೂಪಟ. ಅದಕ್ಕೆ ಹತ್ತಿರದ ವಸತಿಯ ಆರು ಹೆಂಗಸರ ಒಂದು ಬಚತ್ ಗಟ್‌ಗೆ 2011ರ ಏಪ್ರಿಲ್‌ನಲ್ಲಿ ಚಪಾತಿ ವಹಿಸಿದೆ. ಬಚತ್ ಗಟ್ ಅಂದರೆ ನಮ್ಮಲ್ಲಿ ಸ್ವಸಹಾಯ ಸಂಘ ಅನ್ನುತ್ತೇವಲ್ಲ, ಅದೇ. ಒಂದಕ್ಕೆ 2 ರೂಪಾಯಿ ದರ, ಹಿಟ್ಟು, ಎಣ್ಣೆ, ಗ್ಯಾಸ್ ಅವರದ್ದೇ. ದಿನಕ್ಕೆ 2,400 ರೂಪಾಯಿ ಬಿಲ್. ಖರ್ಚು ಕಳೆದು ತಲಾ 200 ರೂಪಾಯಿ ಉಳಿಯುತ್ತದೆ ಎಂದು ಅವರ ಲೆಕ್ಕ. ಚಪಾತಿ ಚೆನ್ನಾಗಿತ್ತು, ಒಂದು ದಿನವೂ ತಪ್ಪಿಸಲಿಲ್ಲ.

ಕಾರ್ಖಾನೆಯವರು ನನಗೆ ದುಡ್ಡು ಕೊಡುವುದು ತಡವಾಗುತ್ತಿತ್ತು. ನನ್ನ ಮ್ಯಾನೇಜರ್ ಅದೇ ತಡವನ್ನು ಕೆಳಗೆ ಇಳಿಸಿದ. ಕಿರಾಣಿಯವನಿಗೂ ತಡ, ತರಕಾರಿಯವನಿಗೂ ತಡ, ಚಪಾತಿಯವರಿಗೂ ತಡ. ಇದು ನಮ್ಮ ಧಂದೆಯಲ್ಲಿ ಎಲ್ಲರೂ ಮಾಡುವುದೇ, ನಾನೂ ಕಣ್ಣು ಹಾಕಲಿಲ್ಲ. ಸರಾಸರಿ 40 ದಿನದ ಬಾಕಿ ನಿಂತೇ ಇರುತ್ತಿತ್ತು. ಲೆಕ್ಕ ಹಾಕಿ, 40 ದಿನಕ್ಕೆ 96,000 ರೂಪಾಯಿ.

2012ರ ಮಾರ್ಚ್ 8ರಂದು ಅದೇ ವಸತಿಯಲ್ಲಿ ನಾನು ಐದು ಹೊಲಿಗೆ ಯಂತ್ರ ದಾನ ಮಾಡಿದೆ. ಒಂದಕ್ಕೆ 5,000ದಂತೆ 25,000 ರೂಪಾಯಿ. ಬ್ಯಾನರ್, ಶಾಲು, ತೆಂಗಿನಕಾಯಿ, ಸ್ಥಳೀಯ ಪತ್ರಿಕೆಯಲ್ಲಿ ಫೋಟೋ. ಒಂದು ಯಂತ್ರ ಆ ಚಪಾತಿ ಗಟ್‌ನ ಮುಖ್ಯಸ್ಥೆಗೂ ಸಿಕ್ಕಿತು. ನಾಲ್ಕು ದಿನದ ಮೇಲೆ ಮ್ಯಾನೇಜರ್ ನಗುತ್ತ ಫೋನ್ ಮಾಡಿದ. "ಅಣ್ಣ, ಚಪಾತಿ ಬಾಯಿ ಬಂದಿದ್ದರು, ನಿಮ್ಮ ಯಂತ್ರವನ್ನು ಮಾರಬಹುದಾ, ನಿಮಗೆ ಬೇಸರ ಆಗುತ್ತದಾ ಅಂತ ಕೇಳುತ್ತಿದ್ದಾರೆ" ಅಂದ. ನನಗೆ ಸಿಟ್ಟು ಬಂತು. ಕೊಟ್ಟದ್ದನ್ನು ಮಾರುತ್ತಾರಲ್ಲ, ಇಂಥವರಿಗೆ ದಾನ ಯಾಕೆ ಮಾಡಬೇಕು ಅಂತ. ಮುಂದಿನ ವಾರ ವಾಳುಜ್‌ಗೆ ಹೋದಾಗ ಅವರನ್ನು ಕರೆಸಿ ಕೇಳಿದೆ.

ಅವರು ಮೊದಲು ಹೇಳಲಿಲ್ಲ, ಆರ್ಡರ್ ತಪ್ಪುತ್ತದೆ ಎಂಬ ಹೆದರಿಕೆ. ಕೊನೆಗೆ ಹೇಳಿದರು. ಬಿಲ್ ಬಾರದ ಕಾರಣ ಹಿಟ್ಟಿಗೆ, ಗ್ಯಾಸಿಗೆ ದುಡ್ಡಿಲ್ಲದೆ ಆರ್ಡರ್ ಸುರುವಾದ ತಿಂಗಳೇ ಖಾಸಗಿ ಸಾವಕಾರನಿಂದ 50,000 ರೂಪಾಯಿ ತಂದಿದ್ದರು. ತಿಂಗಳಿಗೆ ನೂರಕ್ಕೆ 5ರ ಬಡ್ಡಿ. ತಿಂಗಳಿಗೆ 2,500. ಹನ್ನೊಂದು ತಿಂಗಳಿಗೆ 27,500 ರೂಪಾಯಿ ಬಡ್ಡಿಯೇ ಹೋಗಿತ್ತು, ಅಸಲು ಹಾಗೇ ಇತ್ತು.

ಬಂಧುಗಳೇ, ನನ್ನ ದಾನ 25,000. ನನ್ನಿಂದಾಗಿ ಅವರು ಕಟ್ಟಿದ ಬಡ್ಡಿ 27,500. ಯಾರು ಯಾರಿಗೆ ದಾನ ಮಾಡಿದ ಹಾಗಾಯಿತು? ಅವತ್ತು ರಾತ್ರಿ ನಾಸಿಕ್‌ಗೆ ವಾಪಸ್ ಬರುವಾಗ ಯೇವಲೆಯ ಹತ್ತಿರ ಗಾಡಿ ನಿಲ್ಲಿಸಿ ಚಾ ಕುಡಿಯಲು ಇಳಿದವನಿಗೆ ಚಾ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮನ ಬೀಡಿ ದುಡ್ಡು 40 ದಿನ ತಡವಾಗಿದ್ದರೆ ನಾನು ಎಲ್ಲಿರುತ್ತಿದ್ದೆ?

ಮರುದಿನ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತೆಗೆದು 96,000ವನ್ನೂ ಕೊಟ್ಟೆ. ನನ್ನ ಓ.ಡಿ.ಗೆ ಆಗ ವರ್ಷಕ್ಕೆ ನೂರಕ್ಕೆ 13ರ ಬಡ್ಡಿ. 96,000ಕ್ಕೆ ತಿಂಗಳಿಗೆ 1,040 ರೂಪಾಯಿ ಬೀಳುತ್ತದೆ, ವರ್ಷಕ್ಕೆ 12,480. ಹೊಲಿಗೆ ಯಂತ್ರದ ಖರ್ಚಿನ ಅರ್ಧ! ಬ್ಯಾಂಕು ನನಗೆ ಸಾಲ ಕೊಡುತ್ತದೆ, ಅವರಿಗೆ ಕೊಡುತ್ತಿರಲಿಲ್ಲ. ಅಗ್ಗದ ಸಾಲ ಸಿಗುವ ನಾನು, ದುಬಾರಿ ಸಾಲ ಮಾಡುವವರಿಂದ ಉಧಾರಿ ಪಡೆಯುತ್ತಿದ್ದೆ. ಇದು ವ್ಯಾಪಾರದ ಲೆಕ್ಕದಲ್ಲೂ ದಡ್ಡತನವೇ. ಬಾಕಿ ಕೈಗೆ ಬಂದ ಮೇಲೆ ಅವರು ಸಾವಕಾರನನ್ನು ತೀರಿಸಿ, ಉಳಿದ ದುಡ್ಡಿನಲ್ಲಿ ಚಿಲ್ಲರೆ ಅಂಗಡಿ ಬಿಟ್ಟು ಗಿರಣಿಯಿಂದಲೇ ಹಿಟ್ಟು ಎತ್ತತೊಡಗಿದರು. ಹೊಲಿಗೆ ಯಂತ್ರವನ್ನೂ ಮಾರಿದರು, ನಾನೇ ಮಾರಲು ಹೇಳಿದೆ. ಚಪಾತಿ ಮಾಡುವವರಿಗೆ ಹೊಲಿಗೆ ಯಂತ್ರ ಕೊಟ್ಟವನು ನಾನು.

ಇನ್ನೊಂದು ವಿಷಯ ಆಗಲೇ ಗೊತ್ತಾದದ್ದು. ಬಿಲ್ಲಿನ ದುಡ್ಡನ್ನು ನಮ್ಮ ಕ್ಯಾಷಿಯರ್ ಎಷ್ಟೋ ಸಲ ಅವರಲ್ಲೊಬ್ಬರ ಗಂಡನ ಕೈಗೆ ಕೊಟ್ಟಿದ್ದ. "ಅವರ ಯಜಮಾನರೇ ಬಂದಿದ್ದರು, ಕೊಟ್ಟೆ" ಅಂದ. ಸಹಿಯೂ ಆತನದ್ದೇ. ಆ ದುಡ್ಡಿನಲ್ಲಿ ಎಷ್ಟು ಮನೆ ಮುಟ್ಟಿತು, ಎಷ್ಟು ದಾರಿಯಲ್ಲೇ ಕರಗಿತು ದೇವರಿಗೇ ಗೊತ್ತು. ಅಂದಿನಿಂದ ಗಟ್‌ನ ಬ್ಯಾಂಕ್ ಖಾತೆಗೆ ಬಿಟ್ಟರೆ ಬೇರೆ ಯಾರ ಕೈಗೂ ಕೊಡಬಾರದು ಎಂದು ನಿಯಮ ಮಾಡಿದೆ. ಆ ಗಂಡ ಮಹಾಶಯ ಒಂದು ವಾರ ಬಾಗಿಲಲ್ಲಿ ನಿಂತು ಗಲಾಟೆ ಮಾಡಿದ, ಆಮೇಲೆ ಸುಮ್ಮನಾದ.

ಇದಾದ ಮೇಲೆ, ಹೆಂಗಸರ ಕೈಗೆ ದುಡ್ಡು ಬರುವಂತೆ ಮಾಡಿದವರು ಹೇಗೆ ಮಾಡಿದರು ಎಂದು ನಾನು ಕೇಳಿ ತಿಳಿದುಕೊಳ್ಳತೊಡಗಿದೆ. ನಮ್ಮ ಆಹಾರದ ಧಂದೆಯಲ್ಲೇ ಎರಡು ದೊಡ್ಡ ಉದಾಹರಣೆಗಳಿವೆ.

ಲಿಜ್ಜತ್ ಪಾಪಡ್ ನಮ್ಮೆಲ್ಲರ ಅಡುಗೆಮನೆಯಲ್ಲಿ ಇದ್ದೇ ಇದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ಸುರುಮಾಡಿದ್ದು. ಬಂಡವಾಳ 80 ರೂಪಾಯಿ, ಅದೂ ಛಗನ್‌ಲಾಲ್ ಪಾರೇಖ್ ಎಂಬ ಸಮಾಜ ಸೇವಕರಿಂದ ಪಡೆದ ಸಾಲ. ಗಮನಿಸಿ, ದಾನ ಅಲ್ಲ, ಸಾಲ. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಮೊದಲ ವರ್ಷದ ವ್ಯಾಪಾರ 6,196 ರೂಪಾಯಿ. ನಷ್ಟವಾದರೂ ಯಾರಲ್ಲೂ ದಾನ ಕೇಳಬಾರದು ಎಂದು ಆಗಲೇ ತೀರ್ಮಾನಿಸಿದ್ದರು. ಪಾರೇಖರು ದುಡ್ಡಿಗಿಂತ ಹೆಚ್ಚಾಗಿ ಲೆಕ್ಕ ಇಡುವುದನ್ನು, ಗುಣಮಟ್ಟದಲ್ಲಿ ರಾಜಿ ಆಗದಿರುವುದನ್ನು ಕಲಿಸಿದರು. ಬೆಳಿಗ್ಗೆ ಶಾಖೆಯಿಂದ ಕಲಸಿದ ಹಿಟ್ಟು ಒಯ್ಯುವುದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ ಮರುದಿನ ತಂದು ತೂಗಿಸುವುದು, ಲಟ್ಟಿಸಿದ ಕೂಲಿ ಆಗಲೇ ಪಡೆಯುವುದು. ನೋಡಿ, ನಮ್ಮ ಬೀಡಿಯ ಪದ್ಧತಿಯೇ. ಆದರೆ ಒಂದು ವ್ಯತ್ಯಾಸ ಭೂಮಿ ಆಕಾಶದಷ್ಟು. ಇಲ್ಲಿ ಪ್ರತಿಯೊಬ್ಬ ಬಹೆನ್ ಕೂಡ ಮಾಲೀಕಳು, ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು. ಇವತ್ತು 45,000 ಹೆಂಗಸರು, ಸಾವಿರ ಕೋಟಿಗೂ ಮೀರಿದ ವ್ಯಾಪಾರ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ಅನ್ನಪೂರ್ಣ ಮಹಿಳಾ ಮಂಡಳ. ಇದು ನಮಗೆ ಇನ್ನೂ ಹತ್ತಿರದ್ದು. ಮುಂಬಯಿಯ ಗಿರಣಗಾಂವ್‌ನಲ್ಲಿ ಬಟ್ಟೆ ಗಿರಣಿಯ ಕಾರ್ಮಿಕರಿಗೆ ಊಟ ಹಾಕುತ್ತಿದ್ದವರು ಖಾನಾವಳಿಯ ಹೆಂಗಸರು. ಒಂದೇ ಕೋಣೆಯ ಮನೆಯಲ್ಲಿ ಹತ್ತು, ಹದಿನೈದು ಮಂದಿಗೆ ಅಡುಗೆ. ನಮ್ಮ ಹುಬ್ಬಳ್ಳಿ, ವಿಜಾಪುರದ ಕಡೆ ಖಾನಾವಳಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಕಾರ್ಮಿಕರು ದುಡ್ಡು ಕೊಡುವುದು ತಿಂಗಳಿಗೊಮ್ಮೆ, ಸಂಬಳ ಆದ ಮೇಲೆ. ಅಲ್ಲಿಯವರೆಗೆ ಕಿರಾಣಿ ಉಧಾರಿ, ಸಾವಕಾರನ ಬಡ್ಡಿ, ಮೈಮೇಲಿನ ಮಣಿ ಮಂಗಳಸೂತ್ರ ಅಡವು. ನಾನು ವಾಳುಜ್‌ನಲ್ಲಿ ಮಾಡಿದ್ದೇ ಅಲ್ಲೂ ಆಗುತ್ತಿತ್ತು. ಗೋವಾ ವಿಮೋಚನಾ ಹೋರಾಟದಲ್ಲಿದ್ದು, ಆಮೇಲೆ ಕಾರ್ಮಿಕ ಸಂಘಟನೆಗೆ ಬಂದ ಪ್ರೇಮಾ ಪುರವ್ 1975ರಲ್ಲಿ ಈ ಹೆಂಗಸರನ್ನು ಒಟ್ಟು ಮಾಡಿದರು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣ ಆಗಿದ್ದವಲ್ಲ, ಬಡವರಿಗೆ ಸಾಲ ಕೊಡಬೇಕು ಎಂದು ಸರ್ಕಾರ ಹೇಳುತ್ತಿತ್ತಲ್ಲ, ಹಾಗಾದರೆ ಇವರಿಗೂ ಕೊಡಿ ಎಂದು ಬ್ಯಾಂಕಿನ ಬಾಗಿಲು ಬಡಿದರು. ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆದರು, ತೀರಿಸಿದರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಸುರುವಾಗಿ ಗಿರಣಿಗಳೇ ಮುಳುಗತೊಡಗಿದಾಗ ಇಂಥ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ದುಡಿಮೆಯಿಂದ. ಪ್ರೇಮಾತಾಯಿಗೆ 2002ರಲ್ಲಿ ಪದ್ಮಶ್ರೀ ಬಂತು.

ಬಚತ್ ಗಟ್‌ನ ವಿಷಯಕ್ಕೆ ಬಂದರೆ ಅದರ ಬೇರು ನಮ್ಮ ಕರ್ನಾಟಕದಲ್ಲೇ ಇದೆ ಎಂದು ಇಲ್ಲಿಯ ಮಿತ್ರರಿಗೆ ನಾನು ಯಾವಾಗಲೂ ಹೇಳುತ್ತೇನೆ. ಮೈರಾಡ ಎಂಬ ಸಂಸ್ಥೆ 1968ರಿಂದ ಕರ್ನಾಟಕದಲ್ಲಿ ಕೆಲಸ ಮಾಡುತ್ತಿತ್ತು. 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಜಗಳದಲ್ಲಿ ಒಡೆದಾಗ ಜನ ತಾವೇ ಚಿಕ್ಕ ಚಿಕ್ಕ ಗುಂಪು ಮಾಡಿಕೊಂಡು ಉಳಿತಾಯ, ಸಾಲ ನಡೆಸಿದರು. ಮೈರಾಡ ಅದಕ್ಕೆ ಬೆಂಬಲ ಕೊಟ್ಟಿತು, ನಬಾರ್ಡ್ 1987ರಲ್ಲಿ ನೆರವಾಯಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು, ಅದೇ ದೇಶದ ತುಂಬ ಹರಡಿತು. ನಮ್ಮ ಸ್ತ್ರೀಶಕ್ತಿ ಗುಂಪುಗಳು ಬಂದದ್ದು 2000ದ ಸುಮಾರಿಗೆ. ಮಹಾರಾಷ್ಟ್ರದಲ್ಲಿ ಸರ್ಕಾರದ 'ಮಾವಿಮ್', ಅಂದರೆ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ 1975ರಿಂದ ಇದೆ. ಅದರ ಕೆಳಗೆ ಲೋಕಸಂಚಾಲಿತ ಸಾಧನ ಕೇಂದ್ರ ಎಂದು ಹೆಂಗಸರೇ ನಡೆಸುವ ಕೇಂದ್ರಗಳಿವೆ. ಹಳ್ಳಿಗಳಲ್ಲಿ 2011ರಿಂದ 'ಉಮೇದ್' ಇದೆ. ನಾಸಿಕ್‌ನಲ್ಲೂ ಸಂಭಾಜಿನಗರದಲ್ಲೂ ಜಿಲ್ಲಾ ಕಚೇರಿಗೆ ಹೋಗಿ ಇಂಥ ವಸ್ತು ಬೇಕು, ಮಾಡುವ ಗಟ್ ಇದೆಯಾ ಎಂದು ಕೇಳಿದರೆ ವಿಳಾಸ ಕೊಡುತ್ತಾರೆ. ನಮ್ಮ ಸದಸ್ಯರು ಕೇಳಲು ಹೋದದ್ದನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ.

ಹಾಗಂತ ಎಲ್ಲ ಸುಲಭ ಎಂದು ನಾನು ಹೇಳುವುದಿಲ್ಲ. 2014ರಲ್ಲಿ ನಾಸಿಕ್ ಹೋಟೆಲಿಗೆ ನಾಗಲಿ ಪಾಪಡ್ ತೆಗೆದುಕೊಳ್ಳಲು ಸುರುಮಾಡಿದೆ. ನಾಗಲಿ ಅಂದರೆ ನಮ್ಮ ರಾಗಿಯೇ. ಸುರಗಾಣಾ, ಪೇಠ್ ಕಡೆಯ ಗುಡ್ಡಗಾಡಿನಲ್ಲಿ ಬೆಳೆಯುತ್ತಾರೆ, ನಾಸಿಕ್‌ನಲ್ಲಿ ಅದರ ಹಪ್ಪಳಕ್ಕೆ ಒಳ್ಳೆಯ ಗಿರಾಕಿ. ಮೊದಲ ಎರಡು ತಿಂಗಳು ಬಹಳ ಚೆನ್ನಾಗಿತ್ತು. ಮಳೆ ಹಿಡಿಯಿತು ನೋಡಿ, ಬಂದ ಮಾಲಿನಲ್ಲಿ ತೇವ, ಬೂಸ್ಟು. 40 ಕಿಲೋ ವಾಪಸ್ ಕಳಿಸಿದೆ. ಕಳಿಸುವಾಗ ಬೀಡಿ ಬ್ರಾಂಚಿನ ಚೆಕ್ಕಿಂಗ್ ಬಾಬು ನೆನಪಾಗಿ ಕೈ ನಡುಗಿತು. ಆದರೆ ಬೂಸ್ಟು ಹಿಡಿದದ್ದನ್ನು ಗಿರಾಕಿಗೆ ಹಾಕಲಾಗುತ್ತದೆಯೇ? ಕೊನೆಗೆ ನಷ್ಟವನ್ನು ಅರ್ಧ ಅರ್ಧ ಮಾಡಿಕೊಂಡೆವು. ತಪ್ಪು ಅವರದ್ದು ಮಾತ್ರ ಅಲ್ಲ, ಮಳೆಗಾಲದಲ್ಲಿ ಹಪ್ಪಳದ ಆರ್ಡರ್ ಕೊಟ್ಟ ನನ್ನದೂ ಹೌದು. ಇಲ್ಲಿಯ ಹೆಂಗಸರು ಹಪ್ಪಳ, ಕುರ್ಡಾಯಿ, ಸಾಂಡಗೆ ಮಾಡುವುದೇ ಬೇಸಿಗೆಯಲ್ಲಿ, ಅದಕ್ಕೆ ವಾಳವಣ ಎನ್ನುತ್ತಾರೆ. ಈಗ ಮಾರ್ಚ್‌ನಿಂದ ಮೇ ಒಳಗೆ ವರ್ಷದ ಹಪ್ಪಳ ತೆಗೆದು ಗಾಳಿಯಾಡದ ಡ್ರಮ್ಮಿನಲ್ಲಿ ಇಡುತ್ತೇನೆ. ನನ್ನ ದುಡ್ಡು ಕೆಲವು ತಿಂಗಳು ಡ್ರಮ್ಮಿನಲ್ಲಿ ಕೂರುತ್ತದೆ, ಆದರೆ ಹಪ್ಪಳ ಕೆಡುವುದಿಲ್ಲ.

ಸುರುಮಾಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ಮೊದಲು ಒಂದೇ ವಸ್ತು ಹಿಡಿಯಿರಿ. ಚಪಾತಿಯಾದರೆ ಚಪಾತಿ, ಮಸಾಲೆಯಾದರೆ ಮಸಾಲೆ. ತೂಕ, ಅಳತೆ, ದಪ್ಪ ಎಷ್ಟು ಎಂದು ಮಾದರಿ ಮುಂದಿಟ್ಟುಕೊಂಡು ಮರಾಠಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದರ ನಿಗದಿ ಮಾಡುವಾಗ ಅವರ ಕೂಲಿಯನ್ನೂ ಖರ್ಚಿನಲ್ಲಿ ಹಿಡಿಯಿರಿ. ಎಷ್ಟೋ ಹೆಂಗಸರು ಹಿಟ್ಟು, ಎಣ್ಣೆ, ಗ್ಯಾಸ್ ಲೆಕ್ಕ ಹಾಕಿ ಅದರ ಮೇಲೆ ನಾಲ್ಕಾಣೆ ಇಟ್ಟು ದರ ಹೇಳುತ್ತಾರೆ, ತಮ್ಮ ಕೈಯ ಕೆಲಸಕ್ಕೆ ಬೆಲೆ ಹಿಡಿಯುವುದೇ ಇಲ್ಲ. ಅಗ್ಗ ಸಿಕ್ಕಿತು ಎಂದು ಬಾಯಿ ಮುಚ್ಚಿಕೊಂಡರೆ ಆರು ತಿಂಗಳಲ್ಲಿ ಗಟ್ ಮುಚ್ಚುತ್ತದೆ, ನಿಮ್ಮ ಅಡುಗೆಮನೆಯೂ ಅಂದು ಚಪಾತಿಯಿಲ್ಲದೆ ನಿಲ್ಲುತ್ತದೆ. ಮೊದಲ ಆರ್ಡರ್ ಕೊಡುವಾಗ ಹತ್ತು ದಿನದ ಹಿಟ್ಟಿನ ದುಡ್ಡು ಮುಂಗಡ ಕೊಟ್ಟು ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳಿ. ನಮ್ಮ ಸಂಘದ ನಿಧಿಯಿಂದ ಮಾಡಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಯಂತ್ರ ಕೊಟ್ಟರೆ ದುಡ್ಡು ಒಂದೇ ಸಲ ಖರ್ಚು, ಮುಂಗಡ ಕೊಟ್ಟರೆ ಅದೇ ದುಡ್ಡು ತಿರುಗಿ ಬಂದು ಇನ್ನೊಂದು ಗಟ್‌ಗೆ ಹೋಗುತ್ತದೆ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲು ಅವರಿಗೆ ನೆರವಾಗಿ, ನಮ್ಮ ಲೈಸೆನ್ಸಿಗೂ ಅದು ಒಳ್ಳೆಯದು. ಚಪಾತಿ, ರೋಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಲ್ಲ, ಹಪ್ಪಳಕ್ಕೆ ಮೊದಲೇ ಇರಲಿಲ್ಲ. ಹಾಗಾಗಿ ಗಟ್‌ನಿಂದ ತೆಗೆದುಕೊಂಡರೆ ತೆರಿಗೆಯ ತಲೆನೋವು ಎಂಬ ನೆಪ ನಡೆಯುವುದಿಲ್ಲ.

ಬಾಕಿ ಉಳಿಸುವವರಿಗೆ ಈಗ ಕಾನೂನಿನ ಬಿಸಿಯೂ ಇದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಕರಾರು ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್‌ನಲ್ಲಿ ಬಂದ ನಿಯಮದಿಂದ ಹಾಗೆ ತಡ ಮಾಡಿದ ಬಿಲ್ಲನ್ನು ಆದಾಯ ತೆರಿಗೆಯಲ್ಲಿ ಆ ವರ್ಷದ ಖರ್ಚು ಎಂದು ತೋರಿಸಲೂ ಆಗುವುದಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಗಟ್‌ಗೆ ಉದ್ಯಮ್ ನೋಂದಣಿ ಇದೆಯಾ ಎಂದು ಕೇಳಿ, ನಿಮ್ಮ ಸಿ.ಎ. ಹತ್ತಿರವೂ ವಿಚಾರಿಸಿ. ಹೆಚ್ಚಿನ ಗಟ್‌ಗಳಿಗೆ ಈ ಕಾನೂನು ಗೊತ್ತಿಲ್ಲ, ಗೊತ್ತಿದ್ದರೂ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಇಲ್ಲ. ದಾನದ ವಿಷಯದಲ್ಲೂ ಒಂದು ಸಣ್ಣ ಮಾಹಿತಿ. ಸಂಸ್ಥೆಗಳಿಗೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕಿನಲ್ಲೇ ಕೊಡಿ.

ಇನ್ನು ಸ್ವಂತ ಮನೆಯ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾಸಿಕ್ ಹೋಟೆಲ್ ಸುರುಮಾಡಿದಾಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿಸುತ್ತಿದ್ದವಳು ನನ್ನ ಹೆಂಡತಿ. ಸಾಂಬಾರ್ ಪುಡಿ ಇವತ್ತಿಗೂ ಅವಳ ಕೈಯದ್ದೇ, ಗಿರಾಕಿಗಳು ಹೊಗಳುವುದು ಅದನ್ನೇ. ಆದರೆ ಲೈಸೆನ್ಸು ನನ್ನ ಹೆಸರಿಗೆ, ಬ್ಯಾಂಕು ನನ್ನ ಹೆಸರಿಗೆ, ಬೋರ್ಡಿನಲ್ಲಿ ಪ್ರೊಪ್ರೈಟರ್ ಎಂದು ನನ್ನ ಹೆಸರು. ವಾಳುಜ್‌ನ ಚಪಾತಿ ಬಾಯಿಯ ಕಥೆಯನ್ನು ಅವಳಿಗೆ ಹೇಳಿದಾಗ ಪೂರ್ತಿ ಕೇಳಿ, "ಅವರಿಗೆ 40 ದಿನದ ಬಾಕಿ ಮಾತ್ರ ಅಲ್ಲವಾ" ಅಂದಳು. ಅಷ್ಟೇ ಅಂದು ಒಳಗೆ ಹೋದಳು. ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಸಮಯ ಬೇಕಾಯಿತು, ಧೈರ್ಯಕ್ಕೆ ಇನ್ನೂ ಹೆಚ್ಚು. 2015ರಲ್ಲಿ ಪಾಲುದಾರಿಕೆ ಪತ್ರ ಮಾಡಿಸಿ ಅರ್ಧ ಪಾಲು ಅವಳ ಹೆಸರಿಗೆ ಮಾಡಿದೆ. ತಮ್ಮಂದಿರು ಕೇಳಿದರು, ಏನಣ್ಣ, ಏನಾದರೂ ತೆರಿಗೆಯ ಲೆಕ್ಕಾಚಾರವಾ ಅಂತ. ಹೌದು ಎಂದು ಸುಮ್ಮನಾದೆ. ಈಗ ಚೆಕ್ಕಿಗೆ ಇಬ್ಬರ ಸಹಿ ಬೇಕು. ಒಮ್ಮೊಮ್ಮೆ ಅವಳು ಸಹಿ ಹಾಕುವುದಿಲ್ಲ, ಯಾಕೆ ಈ ಖರ್ಚು ಎಂದು ಕೇಳುತ್ತಾಳೆ. ಕಿರಿಕಿರಿ ಆಗುವುದು ನಿಜ. ಕಳೆದ ವರ್ಷ ಅವಳು ಸಹಿ ಹಾಕದ ಕಾರಣ ಒಂದು ಕೆಟ್ಟ ಜಾಗ ಖರೀದಿಸುವುದು ತಪ್ಪಿತು ಎಂಬುದೂ ನಿಜ.

2027ರಲ್ಲಿ ನಾಸಿಕ್, ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳ. 2015ರ ಮೇಳದಲ್ಲಿ ಕೆಲಸ ಮಾಡಿದವರಿಗೆ ನೆನಪಿರಬಹುದು, ಚಪಾತಿ, ಹಪ್ಪಳ, ಉಪ್ಪಿನಕಾಯಿ ಎಷ್ಟು ತಂದರೂ ಸಾಲದು. ಆ ಹೊತ್ತಿಗೆ ಗಟ್‌ಗಳನ್ನು ಹುಡುಕಲು ಹೊರಟರೆ ಸಿಗುವುದಿಲ್ಲ, ಈಗಿನಿಂದಲೇ ಮಾತಾಡಿ ಇಡಬೇಕು. ಮುಂದಿನ ಮಹಾಸಭೆಯಲ್ಲಿ ಸಂಘದ ದಾನ ನಿಧಿಯ ಒಂದು ಭಾಗವನ್ನು ಮುಂಗಡ ನಿಧಿ ಮಾಡಬೇಕು ಎಂದು ನಾನು ಠರಾವು ಮಂಡಿಸುತ್ತೇನೆ. ಅಂದು ನನ್ನ ಎರಡೂ ಅಡುಗೆಮನೆಗಳಿಗೆ ಮಾಲು ಕೊಡುವ ಹೆಂಗಸರಿಗೆ ಎಷ್ಟು ಬಾಕಿ ಇದೆ, ಎಷ್ಟು ದಿನದ್ದು ಎಂಬ ಪಟ್ಟಿಯನ್ನೂ ತರುತ್ತೇನೆ. ಬೇರೆಯವರೂ ತಮ್ಮದನ್ನು ತಂದರೆ ಚರ್ಚೆಗೆ ಅನುಕೂಲ.

ವಾಳುಜ್‌ನ ಆ ಗಟ್ ಈಗಲೂ ನನಗೆ ಚಪಾತಿ ಕೊಡುತ್ತಿದೆ. ಬ್ಯಾಂಕ್ ಸಾಲದಿಂದ ಹಿಟ್ಟು ಕಲಸುವ ಯಂತ್ರ ತೆಗೆದುಕೊಂಡಿದ್ದಾರೆ, ಬೇರೆ ಎರಡು ಕ್ಯಾಂಟೀನ್‌ಗೂ ಕೊಡುತ್ತಾರೆ. ಪ್ರತಿ ಸೋಮವಾರ ಅವರ ಖಾತೆಗೆ ದುಡ್ಡು ಹೋಗುತ್ತದೆ. ಗೋಧಿ ಬೆಲೆ ಏರಿದೆ, ಚಪಾತಿಗೆ 50 ಪೈಸೆ ಹೆಚ್ಚಿಸಿ, ಇಲ್ಲದಿದ್ದರೆ ಬರುವ ತಿಂಗಳಿಂದ ನಿಮಗೆ 300 ಚಪಾತಿ ಕಡಿಮೆ ಎಂದು ಮೊನ್ನೆ ಚೀಟಿ ಕಳಿಸಿದ್ದಾರೆ. ನಾನು 25 ಪೈಸೆ ಅಂದಿದ್ದೇನೆ. ಚೌಕಾಶಿ ನಡೆಯುತ್ತಿದೆ.